ಅಜ್ಜಿಯ ಔಷಧಿಯೂ ಯೀಸ್ಟಿನ ಅಕ್ಷರಾಭ್ಯಾಸವೂ

ಕಲಾವಿಭಾಗದ ವಿದ್ಯಾರ್ಥಿಯಾದವನು ಸೂಕ್ಷ್ಮಜೀವಿಗಳ ವಿಷಯವಾಗಿ ಲೇಖನ ಬರೆಯಹೊರಟರೆ ಗೆಳೆಯರು ನಗುವುದು ಸಹಜ. ಚರಿತ್ರೆ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ, ಇವು ನನ್ನ ಪಾಠ್ಯವಿಷಯಗಳು. ಸೂಕ್ಷ್ಮದರ್ಶಕವನ್ನು ಹೈಸ್ಕೂಲಿನಲ್ಲಿದ್ದಾಗ ಒಂದೇ ಒಂದು ಸಲ ಇಣಿಕಿ ನೋಡಿದ್ದೇನೆ. ಅದರಲ್ಲಿ ನನಗೆ ಕಂಡದ್ದು ನನ್ನದೇ ಕಣ್ಣಿನ ರೆಪ್ಪೆಯ ಕೂದಲೆಂದು ಮಾಸ್ತರರು ಹೇಳಿದ್ದರು. ಹೀಗಿದ್ದೂ ಈ ವಿಷಯಕ್ಕೆ ಕೈಹಾಕಿದ್ದೇಕೆಂಬುದನ್ನು ಮೊದಲೇ ಹೇಳಿಬಿಡುವುದು ಲೇಸು. ನಾನು ಇದನ್ನು ಓದಿದ್ದು ಪರೀಕ್ಷೆಗಾಗಿಯಲ್ಲ. ಮನೆಯಲ್ಲಿ ನನ್ನ ಅಜ್ಜಿ ಕೇಳಿದ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾಗಿತ್ತು.

ನಮ್ಮ ಮನೆ ಕೋಟದ ಪಡುವಣ ಬದಿಗೆ, ರಾತ್ರಿ ಕಡಲಿನ ಮೊರೆತ ಕೇಳುವಷ್ಟು ಹತ್ತಿರದಲ್ಲಿದೆ. ಅಪ್ಪಯ್ಯ ಬೋಟಿನಲ್ಲಿ ದುಡಿಯುವವರು. ಇರುವ ಸ್ವಲ್ಪ ಗದ್ದೆಯನ್ನು ಅಮ್ಮನೂ ಅಜ್ಜಿಯೂ ನೋಡಿಕೊಳ್ಳುತ್ತಾರೆ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಕಳೆದ ಮಳೆಗಾಲದಲ್ಲಿ, ಆಸಾಡಿ ಅಮಾಸೆಯ ಹೊತ್ತಿಗೆ, ಗದ್ದೆಯ ಅಂಚಿನಲ್ಲಿ ಅಜ್ಜಿಯ ಕಾಲಿನ ಕಿರುಬೆರಳಿಗೆ ಏನೋ ತಾಗಿ ಗಾಯವಾಯಿತು. ಅದು ಮಾಯಲಿಲ್ಲ. ಅಜ್ಜಿಗೆ ಸಕ್ಕರೆ ಕಾಯಿಲೆ ಇರುವುದು ಹತ್ತು ವರ್ಷಗಳಿಂದ ಗೊತ್ತಿದ್ದ ಸಂಗತಿ, ಮಾತ್ರೆ ನುಂಗುತ್ತಿದ್ದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇನ್ನು ಮಾತ್ರೆ ಸಾಲದು, ಇನ್ಸುಲಿನ್ ಚುಚ್ಚಲೇಬೇಕು ಎಂದರು. ಮನೆಗೆ ಬಂದ ನೆಂಟರೊಬ್ಬರು ಅದನ್ನು ಕೇಳಿ, ಇನ್ಸುಲಿನ್ನೆಂದರೆ ದನದ ಹೊಟ್ಟೆಯಿಂದ ತೆಗೆಯುವ ವಸ್ತು ಎಂದು ಹೇಳಿಹೋದರು. ಅಲ್ಲಿಗೆ ಮುಗಿಯಿತು. ಬದುಕಿಡೀ ಹಟ್ಟಿಯಲ್ಲಿ ದನ ಕಟ್ಟಿ, ಸತ್ತ ಕರುವಿಗಾಗಿ ಎರಡು ದಿನ ಊಟ ಬಿಟ್ಟ ಹೆಂಗಸು ನನ್ನ ಅಜ್ಜಿ.

“ಅದ್ ದನದ್ದ್ ಅಂಬ್ರ್. ನಂಗ್ ಬ್ಯಾಡ,” ಎಂದುಬಿಟ್ಟರು.

ಅಪ್ಪಯ್ಯ ನನ್ನನ್ನು ಜಗಲಿಗೆ ಕರೆದು, “ದನದ್ದಲ್ಲ ಅಂದ್ಹೇಳಿ ಮುಗ್ಸ್ ಮಾರಾಯ” ಎಂದರು. ಒಳಗೆ ಅಜ್ಜಿಯೂ ನನ್ನನ್ನೇ ಕರೆದರು: “ನೀ ಓದ್ದವ ಅಲ್ದಾ, ನೀನೇ ಕಂಡ್ ಹೇಳ್. ನೀ ಹೇಳ್ರೆ ನಾ ನಂಬ್ತೆ.” ಅಪ್ಪಯ್ಯ ಹೇಳಿದಂತೆ ಸುಳ್ಳು ಹೇಳುವುದು ಸುಲಭವಾಗಿತ್ತು. ಅದು ಸುಳ್ಳೋ ನಿಜವೋ ಎಂಬುದೇ ನನಗೆ ಗೊತ್ತಿರಲಿಲ್ಲವಲ್ಲ! ನಂಬುತ್ತೇನೆ ಎಂದವರ ಎದುರಿಗೆ ಬಾಯಿಗೆ ಬಂದದ್ದನ್ನು ಹೇಳುವ ಧೈರ್ಯ ಬರಲಿಲ್ಲ.

ಔಷಧಿಯ ಪೆಟ್ಟಿಗೆಯನ್ನು ತಿರುಗಿಸಿ ನೋಡಿದೆ. ‘ಹ್ಯೂಮನ್ ಇನ್ಸುಲಿನ್, ಆರ್-ಡಿ.ಎನ್.ಎ. ಒರಿಜಿನ್’ ಎಂದು ಸಣ್ಣಕ್ಷರಗಳಲ್ಲಿ ಅಚ್ಚಾಗಿತ್ತು. ದನದ ಹೆಸರಿಲ್ಲವೆಂದು ನನಗೆ ಸಮಾಧಾನವಾಗುವಷ್ಟರಲ್ಲಿ, ‘ಹ್ಯೂಮನ್’ ಎಂದರೆ ಮನುಷ್ಯನದ್ದು ಎಂದು ತಂಗಿ ಕೂಗಿ ಹೇಳಿದಳು. ದನದ್ದು ಹೋಗಿ ಮನುಷ್ಯನದ್ದಾಯಿತು! ಅಜ್ಜಿ ಗೋಡೆಯ ಕಡೆಗೆ ಮುಖ ತಿರುಗಿಸಿ ಮಲಗಿದರು. ಆ ಒಂದು ಸಾಲಿನ ಅರ್ಥವನ್ನು ಹುಡುಕಿಕೊಂಡು ಹೋದದ್ದೇ ಈ ಲೇಖನಕ್ಕೆ ಮೂಲ.

ಗ್ರಂಥಾಲಯದಲ್ಲಿ ಮೊದಲು ಕೈಗೆ ಸಿಕ್ಕಿದ್ದು ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’. ನಮ್ಮ ಕೋಟದಲ್ಲಿಯೇ 1902ರಲ್ಲಿ ಹುಟ್ಟಿದ ಈ ಮಹನೀಯರು ಕಾದಂಬರಿ, ಯಕ್ಷಗಾನಗಳ ನಡುವೆ ವಿಜ್ಞಾನವನ್ನೂ ಕನ್ನಡಕ್ಕೆ ತಂದವರು. ಆದರೆ ಆ ಸಂಪುಟಗಳು ಅಚ್ಚಾದ ಕಾಲಕ್ಕೆ ನಾನು ಹುಡುಕುತ್ತಿದ್ದ ಶೋಧ ಇನ್ನೂ ನಡೆದಿರಲಿಲ್ಲ. ಮುಂದಿನದನ್ನು ಪರಿಚಯದ ಒಬ್ಬ ಹೈಸ್ಕೂಲು ಮಾಸ್ತರರಿಂದಲೂ, ಅವರು ಕೊಟ್ಟ ಪುಸ್ತಕಗಳಿಂದಲೂ ತಿಳಿದುಕೊಂಡೆ.

ನಮ್ಮ ಹೊಟ್ಟೆಯೊಳಗೆ, ಜಠರದ ಹಿಂಬದಿಗೆ, ಮೇದೋಜೀರಕ ಗ್ರಂಥಿ ಎಂಬ ಅಂಗವಿದೆ. ಅದರೊಳಗೆ ದ್ವೀಪಗಳಂತೆ ಚದರಿಕೊಂಡಿರುವ ಕೆಲವು ಕೋಶಸಮೂಹಗಳನ್ನು 1869ರಲ್ಲಿ ಪೌಲ್ ಲ್ಯಾಂಗರ್‌ಹ್ಯಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ ಕಂಡು ಬರೆದಿಟ್ಟ. ಅವುಗಳ ಕೆಲಸವೇನೆಂದು ಅವನಿಗೆ ತಿಳಿದಿರಲಿಲ್ಲ. ಇಪ್ಪತ್ತು ವರ್ಷಗಳ ನಂತರ, 1889ರಲ್ಲಿ, ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬವರು ನಾಯಿಯೊಂದರ ಈ ಗ್ರಂಥಿಯನ್ನು ತೆಗೆದುಹಾಕಿದಾಗ ನಾಯಿಗೆ ಮಧುಮೇಹ ಬಂದಿತು. ರಕ್ತದ ಸಕ್ಕರೆಯನ್ನು ಮೈಯ ಕೋಶಗಳು ಒಳಗೆ ತೆಗೆದುಕೊಳ್ಳುವಂತೆ ಮಾಡುವ ಯಾವುದೋ ರಸ ಆ ಗ್ರಂಥಿಯಲ್ಲಿ ಹುಟ್ಟುತ್ತದೆಂದು ಆಗ ಊಹಿಸಲಾಯಿತು. ಆ ರಸವೇ ಇನ್ಸುಲಿನ್.

ಅದನ್ನು ಹೊರತೆಗೆಯಲು ಸಾಧ್ಯವಾದದ್ದು ಕೆನಡಾದ ಟೊರಾಂಟೋ ನಗರದಲ್ಲಿ. 1921ರ ಬೇಸಗೆಯಲ್ಲಿ ಬ್ಯಾಂಟಿಂಗ್ ಎಂಬ ತರುಣ ವೈದ್ಯನೂ ಬೆಸ್ಟ್ ಎಂಬ ವಿದ್ಯಾರ್ಥಿಯೂ ಮ್ಯಾಕ್ಲಿಯಾಡರ ಪ್ರಯೋಗಾಲಯದಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಸಿದರು. ರಸವನ್ನು ಶುದ್ಧಗೊಳಿಸಿದವರು ಕಾಲಿಪ್. 1922ರ ಜನವರಿಯಲ್ಲಿ ಲೆನರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ, ಎಲುಬಿನ ಹಂದರವಾಗಿದ್ದ ಹುಡುಗನಿಗೆ ಅದನ್ನು ಚುಚ್ಚಿದರು. ಮೊದಲ ಸಲ ಫಲ ಕಾಣಲಿಲ್ಲ. ಹನ್ನೆರಡು ದಿನಗಳ ನಂತರ ಇನ್ನಷ್ಟು ಶುದ್ಧವಾದ ರಸ ಚುಚ್ಚಿದಾಗ ಹುಡುಗ ಚೇತರಿಸಿಕೊಂಡ. ಅದುವರೆಗೆ ಮಕ್ಕಳಿಗೆ ಬರುವ ಮಧುಮೇಹವೆಂದರೆ ಮರಣವೇ. ಶೋಧಕರು ತಮ್ಮ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಅರ್ಥಶಾಸ್ತ್ರದ ತರಗತಿಯಲ್ಲಿ ಏಕಸ್ವಾಮ್ಯದ ಪಾಠ ಕೇಳುವಾಗಲೆಲ್ಲ ನನಗೆ ಈ ಡಾಲರು ನೆನಪಾಗುತ್ತದೆ.

ಇಲ್ಲಿಂದ ಮುಂದಿನದನ್ನು ಅಜ್ಜಿಗೆ ಹೇಳುವಾಗ ನಾನು ತಡವರಿಸಿದೆ. ಏಕೆಂದರೆ ಆ ನೆಂಟರು ಹೇಳಿದ್ದು ಸುಳ್ಳಾಗಿರಲಿಲ್ಲ. ಆಗಿನಿಂದ ಆರು ದಶಕಗಳ ಕಾಲ ಜಗತ್ತಿನ ಇನ್ಸುಲಿನ್ ಬಂದದ್ದು ಕಸಾಯಿಖಾನೆಯ ದನ ಮತ್ತು ಹಂದಿಗಳ ಗ್ರಂಥಿಗಳಿಂದಲೇ. ಎಂಟು ಔನ್ಸು, ಎಂದರೆ ಸುಮಾರು 227 ಗ್ರಾಂ ಶುದ್ಧ ಇನ್ಸುಲಿನ್ನಿಗೆ ಎರಡು ಟನ್ನಿಗಿಂತ ಹೆಚ್ಚು ಗ್ರಂಥಿಗಳು ಬೇಕಾಗುತ್ತಿದ್ದುವು. ನಮ್ಮ ದೇಶದಲ್ಲಿಯೂ ಅಗ್ಗವೆಂಬ ಕಾರಣದಿಂದ ದನದ ಇನ್ಸುಲಿನ್ ಬಹುಕಾಲ ಬಳಕೆಯಲ್ಲಿತ್ತು. ನೆಂಟರು ಹೇಳಿದ್ದು ಹಳೆಯ ಸತ್ಯ; ಅದು ಬದಲಾದ ಸುದ್ದಿ ಅವರ ತನಕ ಬಂದಿರಲಿಲ್ಲ, ಅಷ್ಟೆ. ಸುಳ್ಳನ್ನು ಅಳಿಸುವುದಕ್ಕಿಂತ ಹಳೆಯ ಸತ್ಯವನ್ನು ಅಳಿಸುವುದು ಕಷ್ಟವೆಂದು ನನಗೆ ಆಗ ತೋರಿತು.

ಹಾಗಾದರೆ ಬದಲಾದದ್ದು ಏನು?

ಇನ್ಸುಲಿನ್ ಒಂದು ಪ್ರೋಟೀನು. ಪ್ರೋಟೀನೆಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಸೃಷ್ಟಿಯಲ್ಲಿ ಈ ಕೆಲಸಕ್ಕೆ ಬಳಕೆಯಾಗುವ ಮಣಿಗಳು ಮುಖ್ಯವಾಗಿ ಇಪ್ಪತ್ತು ಬಗೆಯವು. ಇನ್ಸುಲಿನ್ನಿನಲ್ಲಿ 21 ಮಣಿಗಳ ಒಂದು ಸರ, 30 ಮಣಿಗಳ ಇನ್ನೊಂದು ಸರ, ಎರಡನ್ನೂ ಜೋಡಿಸುವ ಗಂಧಕದ ಕೊಂಡಿಗಳು. ಯಾವ ಮಣಿಯ ನಂತರ ಯಾವ ಮಣಿ ಎಂಬುದನ್ನು ಪೂರ್ತಿಯಾಗಿ ಕಂಡುಹಿಡಿದವರು ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್; 1955ರಲ್ಲಿ ಆ ಕೆಲಸ ಮುಗಿದು 1958ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಮನುಷ್ಯನ ಇನ್ಸುಲಿನ್ನಿಗೂ ಹಂದಿಯ ಇನ್ಸುಲಿನ್ನಿಗೂ ಇರುವ ವ್ಯತ್ಯಾಸ ಒಂದೇ ಮಣಿ. ದನದ್ದಕ್ಕೆ ಮೂರು ಮಣಿ. ಆದುದರಿಂದಲೇ ಅವುಗಳ ಇನ್ಸುಲಿನ್ ನಮಗೆ ಒಗ್ಗುತ್ತಿತ್ತು. ಆದರೂ ಆ ಅಲ್ಪ ವ್ಯತ್ಯಾಸದಿಂದಲೂ, ಪೂರ್ತಿ ತೆಗೆಯಲಾಗದ ಕಲ್ಮಶಗಳಿಂದಲೂ ಕೆಲವರ ಮೈ ಅದನ್ನು ಪರಕೀಯವೆಂದು ಎದುರಿಸುತ್ತಿತ್ತು.

“ಮಾತ್ರೆ ಮಾಡುಕ್ ಆತಿಲ್ಯಾ?” ಎಂದು ಅಜ್ಜಿ ಕೇಳಿದ್ದುಂಟು. ಪ್ರೋಟೀನನ್ನು ನುಂಗಿದರೆ ಹೊಟ್ಟೆ ಅದನ್ನು ಉದ್ದು, ಮೀನುಗಳಂತೆಯೇ ಜೀರ್ಣಿಸಿಬಿಡುತ್ತದೆ. ಸರ ಹರಿದು ಮಣಿ ಮಾತ್ರ ಉಳಿಯುತ್ತದೆ. ಅದಕ್ಕಾಗಿಯೇ ಸೂಜಿ.

ಮಣಿಗಳ ಈ ಕ್ರಮ ಎಲ್ಲಿ ಬರೆದಿಟ್ಟಿರುತ್ತದೆ? ಕೋಶದೊಳಗಿನ ಡಿ.ಎನ್.ಎ. ಎಂಬ ನೂಲಿನಲ್ಲಿ. ತಂದೆತಾಯಿಗಳಿಂದ ಮಕ್ಕಳಿಗೆ ಬರುವ ಗುಣಗಳೆಲ್ಲ ಈ ವಸ್ತುವಿನಲ್ಲಿ ಅಡಗಿವೆಯೆಂದು 1944ರಲ್ಲಿ ಏವರಿ ಮತ್ತು ಅವರ ಸಂಗಡಿಗರು ತೋರಿಸಿದ್ದು, ಆಶ್ಚರ್ಯವೆಂದರೆ, ನ್ಯುಮೋನಿಯದ ಬೇಕ್ಟೀರಿಯಾಗಳ ಮೂಲಕ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಅದರ ರಚನೆಯನ್ನು ತಿಳಿಸಿದರು: ಹುರಿಗೊಂಡ ಎರಡು ಎಳೆ. ಅದರಲ್ಲಿರುವ ಅಕ್ಷರಗಳು ನಾಲ್ಕೇ. ಎ, ಟಿ, ಜಿ, ಸಿ ಎಂದು ಅವುಗಳನ್ನು ಗುರುತಿಸುತ್ತಾರೆ. ಮೂರು ಮೂರು ಅಕ್ಷರ ಸೇರಿ ಒಂದು ಪದ; ಪ್ರತಿಯೊಂದು ಪದ ಒಂದು ಮಣಿಯ ಹೆಸರು. ನಾಲ್ಕು ಅಕ್ಷರಗಳಿಂದ ಇಂಥ ಪದಗಳು 64 ಆಗುತ್ತವೆ. ಮಣಿಗಳು ಇಪ್ಪತ್ತೇ ಆದ್ದರಿಂದ ಒಂದೇ ಮಣಿಗೆ ಹಲವು ಹೆಸರುಗಳುಂಟು. ‘ನಿಲ್ಲು’ ಎಂದು ಹೇಳುವ ಪದಗಳೂ ಮೂರಿವೆ. ಇನ್ಸುಲಿನ್ನಿನ 51 ಮಣಿಗಳಿಗೆ 153 ಅಕ್ಷರ ಸಾಕು. ನಮ್ಮ ತರಗತಿಯ ಹಾಜರಿ ಪುಸ್ತಕದ ಒಂದು ಪುಟದಲ್ಲಿ ಅದಕ್ಕಿಂತ ಹೆಚ್ಚು ಅಕ್ಷರಗಳಿರುತ್ತವೆ!

ಊರಿನ ಮಾತಿನಲ್ಲಿ ಹೇಳುವುದಾದರೆ ಇದನ್ನು ಯಕ್ಷಗಾನಕ್ಕೆ ಹೋಲಿಸಬಹುದು. ಪ್ರಸಂಗದ ಪುಸ್ತಕ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ. ಆ ರಾತ್ರಿಗೆ ಬೇಕಾದ ಪದ್ಯಗಳನ್ನಷ್ಟೇ ಚೀಟಿಯಲ್ಲಿ ಬರೆದುಕೊಂಡು ರಂಗಸ್ಥಳಕ್ಕೆ ತಂದರೆ, ಪದ್ಯದ ಕ್ರಮದಂತೆ ವೇಷಗಳು ಒಂದರ ಹಿಂದೊಂದು ಬರುತ್ತವೆ. ಡಿ.ಎನ್.ಎ. ಪ್ರಸಂಗ ಪುಸ್ತಕ, ಆರ್.ಎನ್.ಎ. ಎಂಬುದು ಚೀಟಿ, ರೈಬೋಸೋಮ್ ಎಂಬ ಕಣ ರಂಗಸ್ಥಳ, ಅಮೈನೋ ಆಮ್ಲಗಳು ವೇಷಗಳು. ಒಂದು ಪ್ರೋಟೀನಿಗೆ ಬೇಕಾದಷ್ಟು ಬರಹದ ಭಾಗಕ್ಕೆ ವಂಶವಾಹಿ ಎಂದು ಹೆಸರು.

ಈ ಲಿಪಿಯನ್ನು ಓದಿದವರಲ್ಲಿ ಒಬ್ಬರು ನಮ್ಮ ದೇಶದಲ್ಲಿ ಹುಟ್ಟಿದ ಹರಗೋವಿಂದ ಖೊರಾನಾ. ಈಗ ಪಾಕಿಸ್ತಾನದಲ್ಲಿರುವ ರಾಯಪುರವೆಂಬ ಸಣ್ಣ ಹಳ್ಳಿ ಅವರದು. ತಂದೆ ಪಟವಾರಿ, ನಮ್ಮ ಕಡೆಯ ಮಾತಿನಲ್ಲಿ ಶಾನುಭೋಗ. ಸುಮಾರು ನೂರು ಜನರ ಆ ಹಳ್ಳಿಯಲ್ಲಿ ಓದುಬರಹ ಬಲ್ಲ ಮನೆ ಹೆಚ್ಚುಕಡಿಮೆ ಅದೊಂದೇ ಆಗಿತ್ತಂತೆ. 1968ರಲ್ಲಿ ನೀರೆನ್‌ಬರ್ಗ್ ಮತ್ತು ಹಾಲಿಯವರೊಂದಿಗೆ ಅವರಿಗೆ ನೊಬೆಲ್ ಬಂದಿತು. ಅಷ್ಟಕ್ಕೇ ನಿಲ್ಲದೆ 1970ರಲ್ಲಿ ಅವರ ತಂಡ ಒಂದು ವಂಶವಾಹಿಯನ್ನೇ ರಾಸಾಯನಿಕವಾಗಿ, ಅಕ್ಷರಕ್ಕೆ ಅಕ್ಷರ ಜೋಡಿಸಿ, ಕಟ್ಟಿ ನಿಲ್ಲಿಸಿತು. ಆ ವಂಶವಾಹಿ ಯಾವ ಜೀವಿಯದ್ದೆಂದು ನೋಡಿದರೆ ಯೀಸ್ಟಿನದ್ದು! ಈ ಕೊನೆಯ ಸಂಗತಿಯನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಅಜ್ಜಿಯ ಎರಡನೆಯ ಸಂಶಯಕ್ಕೆ ಉತ್ತರ ಇದರಲ್ಲಿಯೇ ಇದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮನುಷ್ಯನ ಡಿ.ಎನ್.ಎ.ಯ ಲಿಪಿ ಬೇರೆ, ಬೇಕ್ಟೀರಿಯಾದ ಲಿಪಿ ಬೇರೆ ಎಂದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಹಾಗಿಲ್ಲ. ಆನೆ, ಇರುವೆ, ಭತ್ತದ ಸಸಿ, ಬೂತಾಯಿ ಮೀನು, ಕರುಳಿನಲ್ಲಿರುವ ಬೇಕ್ಟೀರಿಯಾ, ಎಲ್ಲವೂ ಒಂದೇ ಲಿಪಿಯಲ್ಲಿ ಬರೆದ ಪುಸ್ತಕಗಳು. ಅಪವಾದಗಳು ತೀರ ಕಡಿಮೆ. ತೆಂಕುತಿಟ್ಟಿನವರಿಗಾಗಿ ಅಚ್ಚಾದ ಪ್ರಸಂಗವನ್ನು ಬಡಗುತಿಟ್ಟಿನ ಭಾಗವತರು ಓದಬಲ್ಲರಷ್ಟೆ? ಕುಣಿತ ಬೇರೆಯಾದರೂ ಅಕ್ಷರ ಒಂದೇ. ಹಾಗೆಯೇ ಮನುಷ್ಯನ ಪ್ರಸಂಗವೊಂದನ್ನು ಸೂಕ್ಷ್ಮಜೀವಿಯ ಪೆಟ್ಟಿಗೆಯಲ್ಲಿ ಇಟ್ಟರೆ, ಅದು ಯಾರದೆಂದು ಕೇಳದೆ ಸೂಕ್ಷ್ಮಜೀವಿ ಅದನ್ನು ಆಡಿ ತೋರಿಸುತ್ತದೆ.

ಇಡುವುದು ಹೇಗೆ? ಇದಕ್ಕೆ ಬೇಕಾದ ಕತ್ತರಿ ಮತ್ತು ಗೋಂದುಗಳೂ ಸೂಕ್ಷ್ಮಜೀವಿಗಳಿಂದಲೇ ಬಂದವು. ಬೇಕ್ಟೀರಿಯಾಗಳಿಗೂ ವೈರಸ್ಸಿನ ಕಾಟವುಂಟು. ತಮ್ಮೊಳಗೆ ನುಗ್ಗಿದ ವೈರಸ್ಸಿನ ಡಿ.ಎನ್.ಎ.ಯನ್ನು ನಿರ್ದಿಷ್ಟ ಅಕ್ಷರಗಳು ಬಂದ ಕಡೆ ತುಂಡರಿಸುವ ಕಿಣ್ವಗಳು ಅವುಗಳಲ್ಲಿರುತ್ತವೆ. ಅದು ಅವುಗಳ ಕತ್ತಿ, ನಮಗೆ ಕತ್ತರಿ. ಈ ಶೋಧಕ್ಕಾಗಿ ಆರ್ಬರ್, ನೇಥನ್ಸ್, ಸ್ಮಿತ್ ಎಂಬ ಮೂವರಿಗೆ 1978ರಲ್ಲಿ ನೊಬೆಲ್ ದೊರೆಯಿತು. ತುಂಡುಗಳನ್ನು ಅಂಟಿಸುವ ಕಿಣ್ವಗಳು ಬೇರೆ ಇವೆ. ಇನ್ನು ಹಲವು ಬೇಕ್ಟೀರಿಯಾಗಳಲ್ಲಿ ಮುಖ್ಯ ಡಿ.ಎನ್.ಎ.ಯಲ್ಲದೆ ಪ್ಲಾಸ್ಮಿಡ್ ಎಂಬ ಸಣ್ಣ ಉಂಗುರಗಳೂ ಇರುತ್ತವೆ. ಒಂದು ಬೇಕ್ಟೀರಿಯಾದಿಂದ ಇನ್ನೊಂದಕ್ಕೆ ಇವು ದಾಟಿಹೋಗುವುದೂ ಉಂಟು. ಔಷಧಿಗೆ ಬಗ್ಗದ ರೋಗಾಣುಗಳು ಆ ಗುಣವನ್ನು ಪರಸ್ಪರ ಹಂಚಿಕೊಳ್ಳುವುದು ಬಹುಮಟ್ಟಿಗೆ ಈ ಉಂಗುರಗಳ ಮೂಲಕವೇ. ಅಮೆರಿಕೆಯ ಕೋಹೆನ್ ಮತ್ತು ಬಾಯರ್ 1973ರಲ್ಲಿ ಉಂಗುರವನ್ನು ಕತ್ತರಿಸಿ, ಪರಕೀಯ ಡಿ.ಎನ್.ಎ. ತುಂಡನ್ನು ಅದರಲ್ಲಿ ಸೇರಿಸಿ, ಅಂಟಿಸಿ, ಬೇಕ್ಟೀರಿಯಾದೊಳಗೆ ಕಳುಹಿಸಿದರು. ಬೇಕ್ಟೀರಿಯಾ ಎರಡಾದಾಗ ಆ ಉಂಗುರವೂ ಎರಡಾಯಿತು. ಹೀಗೆ ಬೇರೆ ಬೇರೆ ಮೂಲದ ಎಳೆಗಳನ್ನು ಮರುಜೋಡಿಸಿದ ಡಿ.ಎನ್.ಎ.ಯೇ, ನಮ್ಮ ಪೆಟ್ಟಿಗೆಯ ಮೇಲಿದ್ದ ‘ಆರ್-ಡಿ.ಎನ್.ಎ.’

ಬೇಕ್ಟೀರಿಯಾ ಎರಡಾಗುವುದೆಂದೆನಲ್ಲ, ಅದರ ವೇಗವನ್ನು ನಾನು ಲೆಕ್ಕ ಹಾಕಿ ನೋಡಿದೆ. ನಮ್ಮ ಕರುಳಿನ ಇ. ಕೋಲೈ ಎಂಬ ಬೇಕ್ಟೀರಿಯಾ ಅನುಕೂಲ ಸ್ಥಿತಿಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ರಾತ್ರಿ ಹತ್ತು ಗಂಟೆಗೆ ಒಂದು ಇದ್ದರೆ ಬೆಳಗ್ಗೆ ಆರು ಗಂಟೆಗೆ, ಆಹಾರ ಮುಗಿಯದಿದ್ದ ಪಕ್ಷದಲ್ಲಿ, 1 ಕೋಟಿ 67 ಲಕ್ಷ 77 ಸಾವಿರದ 216. ಪ್ರತಿಯೊಂದರಲ್ಲಿಯೂ ನಾವಿಟ್ಟ ಬರಹದ ನಕಲು. ಇಂಥ ನಕಲುಗಾರ ಯಾವ ಕಚೇರಿಯಲ್ಲಿ ಸಿಕ್ಕಾನು?

1978ರಲ್ಲಿ ಕ್ಯಾಲಿಫೋರ್ನಿಯದ ಇಟಾಕುರಾ, ರಿಗ್ಸ್ ಮತ್ತು ಜೆನೆನ್‌ಟೆಕ್ ಎಂಬ ಹೊಸ ಸಂಸ್ಥೆಯವರು ಕೂಡಿ ಇ. ಕೋಲೈಯಿಂದ ಮನುಷ್ಯನ ಇನ್ಸುಲಿನ್ನಿನ ಎರಡು ಸರಗಳನ್ನು ಪ್ರತ್ಯೇಕವಾಗಿ ಮಾಡಿಸಿ, ಅನಂತರ ಜೋಡಿಸಿದರು. ಆ ವಂಶವಾಹಿಗಳನ್ನು ಅವರು ಯಾವ ಮನುಷ್ಯನ ಮೈಯಿಂದಲೂ ತೆಗೆಯಲಿಲ್ಲ. ಸ್ಯಾಂಗರ್ ಬಗೆಯ ಶೋಧದಿಂದ ಮಣಿಗಳ ಕ್ರಮ ಗೊತ್ತಿತ್ತು. ಖೊರಾನಾ ಮುಂತಾದವರಿಂದ ಮಣಿಗೆ ತಕ್ಕ ಅಕ್ಷರ ಗೊತ್ತಿತ್ತು. ಅಕ್ಷರಗಳನ್ನು ರಾಸಾಯನಿಕ ದ್ರವ್ಯಗಳಿಂದಲೇ ಜೋಡಿಸಿಕೊಂಡರು. ಆದುದರಿಂದ ‘ಹ್ಯೂಮನ್’ ಎಂಬ ಮಾತಿಗೆ ಮನುಷ್ಯನಿಂದ ಬಂದದ್ದು ಎಂದು ಅರ್ಥವಲ್ಲ; ಮಣಿಗಳ ಕ್ರಮ ಮನುಷ್ಯನಲ್ಲಿರುವಂಥದ್ದೇ ಎಂದು ಅರ್ಥ. 1982ರ ಅಕ್ಟೋಬರಿನಲ್ಲಿ ಅಮೆರಿಕೆಯ ಸರಕಾರ ಇದರ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಮರುಜೋಡಣೆಯ ವಿದ್ಯೆಯಿಂದ ತಯಾರಾಗಿ ಒಪ್ಪಿಗೆ ಪಡೆದ ಮೊದಲನೆಯ ಔಷಧಿ ಇದೇ.

ಆದರೆ ಅಜ್ಜಿಯ ಊರಿನ ಜೀವಿ ಬೇಕ್ಟೀರಿಯಾಕ್ಕಿಂತ ಯೀಸ್ಟೇ ಎನ್ನಬೇಕು. ಕಳ್ಳು ಹುಳಿಯೇರಿ ನೊರೆ ಬರುವುದೂ, ಬೇಕರಿಯ ಬ್ರೆಡ್ಡು ಉಬ್ಬುವುದೂ ಯೀಸ್ಟಿನಿಂದ. ಇದು ಏಕಕೋಶದ ಶಿಲೀಂಧ್ರ. ಬೇಕ್ಟೀರಿಯಾದಂತಲ್ಲದೆ ಇದರ ಕೋಶದಲ್ಲಿ ನಮ್ಮ ಕೋಶಗಳಂತೆಯೇ ಕೇಂದ್ರವಿದೆ. ಪ್ರೋಟೀನನ್ನು ಸರಿಯಾಗಿ ಮಡಚಿ, ಕೊಂಡಿ ಹಾಕಿ, ಕೋಶದಿಂದ ಹೊರಕ್ಕೆ ಬಿಡುವ ಕಲೆ ಅದಕ್ಕೆ ಗೊತ್ತು. ಬೇಕ್ಟೀರಿಯಾ ಅನೇಕ ಸಲ ಪ್ರೋಟೀನನ್ನು ಒಳಗೇ ಮುದ್ದೆಮಾಡಿ ಇಟ್ಟುಕೊಳ್ಳುತ್ತದೆ. ಅದನ್ನು ಒಡೆದು ತೆಗೆದು ಬಿಡಿಸುವುದು ದೊಡ್ಡ ಕೆಲಸ.

ನಮ್ಮ ರಾಜ್ಯಕ್ಕೆ ಸಂಬಂಧಿಸಿದ ಭಾಗ ಇಲ್ಲಿದೆ. 1978ರಲ್ಲಿಯೇ ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಎಂಬ ತರುಣಿ ಬಾಡಿಗೆ ಮನೆಯೊಂದರ ಮೋಟಾರು ಶೆಡ್ಡಿನಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದೊಡನೆ ಬಯೋಕಾನ್ ಎಂಬ ಕಂಪೆನಿಯನ್ನು ಆರಂಭಿಸಿದರು. ಆಸ್ಟ್ರೇಲಿಯದಲ್ಲಿ ಬಿಯರ್ ತಯಾರಿಕೆಯ ವಿದ್ಯೆ ಕಲಿತು ಬಂದಿದ್ದ ಅವರಿಗೆ, ಹೆಂಗಸೆಂಬ ಕಾರಣಕ್ಕೆ ಇಲ್ಲಿ ಆ ಉದ್ಯೋಗ ಸಿಗಲಿಲ್ಲ. ಯೀಸ್ಟಿನ ಹುದುಗುವಿಕೆ ಅವರು ಕಲಿತ ವಿದ್ಯೆ. ಅದನ್ನು ಬೇರೆ ದಾರಿಗೆ ತಿರುಗಿಸಿದರು. ಮೊದಲು ಮಾಡಿದ ಸಾಮಗ್ರಿಗಳು ಎರಡು: ಪಪ್ಪಾಯಿಯ ಹಾಲಿನಿಂದ ಪೆಪೇನ್ ಎಂಬ ಕಿಣ್ವ, ಮೀನಿನ ಗಾಳಿಚೀಲದಿಂದ ಬಿಯರನ್ನು ತಿಳಿಗೊಳಿಸುವ ಐಸಿಂಗ್ಲಾಸ್. ಮೀನಿನ ಗಾಳಿಚೀಲದ ಮಾತು ಬಂದಾಗ ಅಲ್ಲಿಯತನಕ ಸುಮ್ಮನೆ ಬೀಡಿ ಸೇದುತ್ತಿದ್ದ ಅಪ್ಪಯ್ಯ ಎದ್ದು ಕುಳಿತು ಕಿವಿಗೊಟ್ಟರು. ವಿಜ್ಞಾನದ ಪಾಠದಲ್ಲಿ ಅವರಿಗೆ ಗೊತ್ತಿದ್ದ ವಸ್ತು ಬಂದದ್ದು ಅದೊಂದೇ ಸಲ.

ಇಪ್ಪತ್ತಾರು ವರ್ಷಗಳ ನಂತರ, 2004ರಲ್ಲಿ, ಅದೇ ಕಂಪೆನಿ ಪೀಕಿಯಾ ಪಾಸ್ಟೋರಿಸ್ ಎಂಬ ಯೀಸ್ಟಿನಿಂದ ತಯಾರಿಸಿದ ಮನುಷ್ಯ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಬ್ರೆಡ್ಡಿನ ಯೀಸ್ಟಿನಿಂದ ಡೆನ್ಮಾರ್ಕಿನವರು 1987ರಿಂದಲೇ ಮಾಡುತ್ತಿದ್ದರು. ಆದರೆ ಪೀಕಿಯಾದಿಂದ ಇನ್ಸುಲಿನ್ ಬಂದದ್ದು ಜಗತ್ತಿನಲ್ಲಿಯೇ ಅದು ಮೊದಲು. ಇದೇ ಯೀಸ್ಟಿನಿಂದ ಕಾಮಾಲೆಯ ಒಂದು ಬಗೆಯಾದ ಹೆಪಟೈಟಿಸ್-ಬಿ ರೋಗದ ಲಸಿಕೆಯನ್ನು ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಹೊರತಂದಿತ್ತು.

“ಅದಕ್ಕೆ ತಿಂಬುಕೆ ಎಂತ ಕೊಡ್ತ್ರ್?” ಎಂಬುದು ಅಜ್ಜಿಯ ಮುಂದಿನ ಪ್ರಶ್ನೆ. ದನ ಸಾಕಿದವರು ಕೇಳಬೇಕಾದ ಪ್ರಶ್ನೆಯೇ ಅದು. ಮತ್ತು ಈ ಯೀಸ್ಟಿನ ಗುಟ್ಟೆಲ್ಲ ಇರುವುದು ಅದರ ಮೇವಿನಲ್ಲಿಯೇ. ನಮಗೆ ಕುಡಿದರೆ ಕಣ್ಣು ಹೋಗುವ, ಪ್ರಾಣವೂ ಹೋಗಬಹುದಾದ ಮೆಥೆನಾಲ್ ಎಂಬ ವಿಷಮದ್ಯವನ್ನು ಪೀಕಿಯಾ ತಿಂದು ಬದುಕಬಲ್ಲದು. ಮೊದಲು ಬೇರೆ ಆಹಾರ ಕೊಟ್ಟು ಅದನ್ನು ದಟ್ಟವಾಗಿ ಬೆಳೆಸುತ್ತಾರೆ. ಆ ಆಹಾರ ಮುಗಿದು ಮೆಥೆನಾಲ್ ಬಂದೊಡನೆ, ಅದನ್ನು ಜೀರ್ಣಿಸುವ ಕಿಣ್ವದ ವಂಶವಾಹಿ ಎಚ್ಚರಗೊಂಡು ರಾಶಿ ರಾಶಿ ಕಿಣ್ವ ತಯಾರಿಸತೊಡಗುತ್ತದೆ. ಬೇಕಾದಾಗ ಮಾತ್ರ ವಂಶವಾಹಿ ಕೆಲಸಕ್ಕಿಳಿಯುತ್ತದೆ, ಬೇಡವಾದಾಗ ಸುಮ್ಮನಿರುತ್ತದೆ ಎಂಬ ತತ್ತ್ವವನ್ನು ಇ. ಕೋಲೈಯಲ್ಲಿ ಕಂಡು 1961ರಲ್ಲಿ ವಿವರಿಸಿದವರು ಫ್ರಾನ್ಸಿನ ಜಾಕೋಬ್ ಮತ್ತು ಮೊನೋ. ಭಾಗವತರ ಜಾಗಟೆ ಬೀಳದೆ ವೇಷ ರಂಗಸ್ಥಳಕ್ಕೆ ಬರುವುದಿಲ್ಲವಷ್ಟೆ? ಈ ಜಾಗಟೆ ಇರುವುದು ವಂಶವಾಹಿಯ ಆರಂಭಕ್ಕೆ ಮುನ್ನ ಬರುವ ಕೆಲವು ಅಕ್ಷರಗಳಲ್ಲಿ. ಆ ಅಕ್ಷರಗಳ ಮುಂದೆ ಯೀಸ್ಟಿನ ಸ್ವಂತ ಪ್ರಸಂಗದ ಬದಲು ಇನ್ಸುಲಿನ್ನಿನ ಪ್ರಸಂಗವನ್ನು ಜೋಡಿಸಿಟ್ಟರೆ, ಮೆಥೆನಾಲ್ ಬಿದ್ದ ಕೂಡಲೆ ಜಾಗಟೆ ಹೊಡೆಯುತ್ತದೆ. ಇನ್ಸುಲಿನ್ನಿನ ಪೂರ್ವರೂಪ ತಯಾರಾಗಿ ಕೋಶದಿಂದ ಹೊರಬರುತ್ತದೆ. ಮತ್ತೆ ಅದನ್ನು ಕತ್ತರಿಸಿ, ಪದೇ ಪದೇ ಶುದ್ಧಗೊಳಿಸಿ, ಶೀಶೆಗೆ ತುಂಬುತ್ತಾರೆ. ಶೀಶೆಯಲ್ಲಿ ಯೀಸ್ಟೂ ಇಲ್ಲ, ಮೆಥೆನಾಲೂ ಇಲ್ಲ. ಅಜ್ಜಿಗೆ ಬೆಳಗ್ಗೆ ಹದಿನಾರು ಯೂನಿಟ್ಟು ಬರೆದಿದ್ದರು. ಅದನ್ನು ತೂಕಕ್ಕೆ ತಂದರೆ ಇನ್ಸುಲಿನ್ನು ಅರ್ಧ ಮಿಲಿಗ್ರಾಮಿಗಿಂತ ಸ್ವಲ್ಪ ಹೆಚ್ಚು, ಒಂದು ಉಪ್ಪಿನ ಹರಳಿನಷ್ಟು ಎನ್ನೋಣ.

ಇದನ್ನೆಲ್ಲ ನಾನು ಓದಿ ಅರಗಿಸಿಕೊಂಡು ಅಜ್ಜಿಯ ಮುಂದೆ ಕುಳಿತುಕೊಳ್ಳುವಷ್ಟರಲ್ಲಿ ಮೂರು ವಾರ ಕಳೆದಿತ್ತು. ಡಿ.ಎನ್.ಎ. ಎಂಬ ಶಬ್ದವನ್ನು ಬಳಸದೆಯೇ ಹೇಳಿದೆ. ಹಿಂದೆ ದನದಿಂದ ತೆಗೆಯುತ್ತಿದ್ದುದು ನಿಜವೆಂದೂ ಹೇಳಿದೆ. ಆ ಮಾತು ಕೇಳಿ ಅಪ್ಪಯ್ಯ ನನ್ನನ್ನು ದುರುಗುಟ್ಟಿ ನೋಡಿದರು. ಆದರೆ ಅಜ್ಜಿಗೆ ಉಳಿದದ್ದರ ಮೇಲೆ ನಂಬಿಕೆ ಬಂದದ್ದು ಆ ಒಂದು ಮಾತಿನಿಂದಲೇ ಎಂದು ನನ್ನ ಊಹೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಂಗಾರೆ ನಾಳಿಂದ ಚುಚ್ಚ್” ಎಂದರು. ಬೆರಳು ಮಾತ್ರ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಕಿರುಬೆರಳನ್ನು ತೆಗೆಯಬೇಕಾಯಿತು, ಕಾಲು ಉಳಿಯಿತು. ಆ ಮೂರು ವಾರ ಮೊದಲೇ ಆರಂಭಿಸಿದ್ದರೆ ಬೆರಳೂ ಉಳಿಯುತ್ತಿತ್ತೋ ಎಂದು ನಾನು ಡಾಕ್ಟರರನ್ನು ಕೇಳಲಿಲ್ಲ. ಅಪ್ಪಯ್ಯ ಹೇಳಿದಂತೆ ಮೊದಲ ದಿನವೇ ‘ದನದ್ದಲ್ಲ’ ಎಂದಿದ್ದರೆ ಅದು ನಿಜವೇ ಆಗುತ್ತಿತ್ತು. ಆದರೆ ಅಂದು ನನಗೆ ಅದು ತಿಳಿದಿರಲಿಲ್ಲ. ಈ ಲೆಕ್ಕವನ್ನು ಎಷ್ಟು ಸಲ ಹಾಕಿದರೂ ನನಗೆ ಸರಿಹೊಂದುವುದಿಲ್ಲ.

ಇಂಥ ಔಷಧಿ ಮನೆಗೆ ಬಂದವರಿಗಾಗಿ ಒಂದೆರಡು ವ್ಯಾವಹಾರಿಕ ಮಾತು. ತೆರೆಯದ ಶೀಶೆಯನ್ನು 2ರಿಂದ 8 ಡಿಗ್ರಿ ಸೆಂಟಿಗ್ರೇಡಿನ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಬಾರದು. ಇನ್ಸುಲಿನ್ ಪ್ರೋಟೀನಾದ್ದರಿಂದ ಬಿಸಿಗೆ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ನಮ್ಮಲ್ಲಿ ಫ್ರಿಜ್ಜಿಲ್ಲ. ಹೊಸ ಶೀಶೆ ನೆರೆಮನೆಯ ಫ್ರಿಜ್ಜಿನಲ್ಲಿರುತ್ತದೆ. ಬಳಕೆಯಲ್ಲಿರುವುದನ್ನು ಡಬ್ಬಿಯಲ್ಲಿ ಭದ್ರಪಡಿಸಿ, ನೀರು ತುಂಬಿದ ಮಣ್ಣಿನ ಮಡಕೆಯೊಳಗಿನ ಕುಡಿಕೆಯಲ್ಲಿಡುತ್ತೇವೆ. ಮಡಕೆಯ ಮೈಯಿಂದ ನೀರು ಆರುವಾಗ ಒಳಗೆ ತಂಪಾಗುತ್ತದೆ. ಎರಡನೆಯದಾಗಿ, ನಮ್ಮಲ್ಲಿ ಮಾರುವ ಶೀಶೆಗಳು ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್ಟಿನವು. ಅದಕ್ಕೆ ಕೆಂಪು ಮುಚ್ಚಳದ, 40ರ ಸಿರಿಂಜನ್ನೇ ಬಳಸಬೇಕು. ಕಿತ್ತಳೆ ಬಣ್ಣದ ಮುಚ್ಚಳದ್ದು 100ರ ಲೆಕ್ಕದ್ದು. ಅದರಲ್ಲಿ ಅಳೆದರೆ ಎರಡೂವರೆ ಪಾಲು ಕಡಿಮೆ ಔಷಧಿ ಹೋಗುತ್ತದೆ. ಮೂರನೆಯದು ನಮ್ಮ ಮನೆಯಲ್ಲಿಯೇ ಜಗಳ ತಂದ ವಿಷಯ. ಇನ್ಸುಲಿನ್ ಚುಚ್ಚಿದ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ರಕ್ತದ ಸಕ್ಕರೆ ಅತಿಯಾಗಿ ಇಳಿದು, ಬೆವರಿ, ನಡುಕ ಬಂದು, ಪ್ರಜ್ಞೆ ತಪ್ಪಬಹುದು. ಅಜ್ಜಿಗೆ ಶನಿವಾರದ ಒಪ್ಪೊತ್ತನ್ನು ಬಿಡಿಸಬೇಕಾದರೆ, ದನದ ಸಂಶಯವನ್ನು ಬಿಡಿಸಿದ್ದಕ್ಕಿಂತ ಹೆಚ್ಚು ಕಷ್ಟವಾಯಿತು. ಕೊನೆಗೆ ಅಮೃತೇಶ್ವರಿಯ ಗುಡಿಗೆ ಹೋಗಿ ಬಂದು ಅವರೇ ಒಂದು ತೀರ್ಮಾನಕ್ಕೆ ಬಂದರು. ಏನು ಹೇಳಿಕೊಂಡರೋ ನನಗೆ ತಿಳಿಸಲಿಲ್ಲ.

ಈಗ ಸಂಜೆ ಜಗಲಿಗೆ ಬಂದ ನೆರೆಯವರಿಗೆ ಅಜ್ಜಿ ತಾವೇ ಪಾಠ ಹೇಳುತ್ತಾರೆ. “ದನದ್ದೂ ಅಲ್ಲ, ಮನ್ಷ್ಯರದ್ದೂ ಅಲ್ಲ. ನಮ್ ದೋಸೆ ಹಿಟ್ಟ್ ಉಬ್ಬತ್ತಲೇ, ಆ ಜಾತಿದ್ದ್.” ದೋಸೆ ಹಿಟ್ಟನ್ನು ಮುಖ್ಯವಾಗಿ ಉಬ್ಬಿಸುವುದು ಲ್ಯುಕೊನೋಸ್ಟಾಕ್ ಎಂಬ ಬೇಕ್ಟೀರಿಯಾ, ಅದು ಯೀಸ್ಟಲ್ಲ ಎಂದು ನಾನು ಎರಡು ಸಲ ತಿದ್ದಿದೆ. ಎರಡನೆಯ ಸಲ ಅಜ್ಜಿ, “ಲಿಪಿ ಒಂದೇ ಅಂದ್ ನೀನೇ ಹೇಳ್ದೆ ಅಲ್ದಾ?” ಎಂದು ಕೇಳಿ, ನೆರೆಯವರ ಕಡೆಗೆ ತಿರುಗಿ ಮಾತು ಮುಂದುವರಿಸಿದರು.